ಕುಟುಂಬದ ವರಮಾನವೂ ಮಕ್ಕಳ ವಿದ್ಯಾಭ್ಯಾಸದ ವೆಚ್ಚವೂ

ಮಕ್ಕಳ ವಿದ್ಯಾಭ್ಯಾಸಕ್ಕೆ ಒಂದು ಕುಟುಂಬವು ಎಷ್ಟು ವೆಚ್ಚಮಾಡುವುದೆಂಬುದು ತಂದೆತಾಯಿಗಳ ಇಚ್ಛೆಯೊಂದನ್ನೇ ಅವಲಂಬಿಸಿರುವುದಿಲ್ಲ. ವರಮಾನದ ಮೊತ್ತ, ಅದರ ಸ್ಥಿರತೆ, ಅದು ಕೈಸೇರುವ ಕಾಲ, ಈ ಮೂರು ಅಂಶಗಳನ್ನೂ ಪರ್ಯಾಲೋಚಿಸತಕ್ಕದ್ದು.

1. ಮೊತ್ತ.— ವರಮಾನವು ಹೆಚ್ಚಿದಂತೆಲ್ಲಾ ಅದರಲ್ಲಿ ಆಹಾರಕ್ಕೆ ಹೋಗುವ ಭಾಗವು ಕಡಮೆಯಾಗುವುದೆಂದು ಜರ್ಮನಿಯ ಎಂಗೆಲ್ ಎಂಬ ವಿದ್ವಾಂಸನು 1857ರಲ್ಲಿಯೇ ತೋರಿಸಿಕೊಟ್ಟನು. ತಿಂಗಳಿಗೆ 10,000 ರೂಪಾಯಿ ಬರುವ ಮನೆಯಲ್ಲಿ ಊಟಕ್ಕೆ 6,000 ರೂಪಾಯಿ ವೆಚ್ಚವಾಗುವುದೆಂದೂ, 20,000 ಬರುವ ಮನೆಯಲ್ಲಿ 9,000 ವೆಚ್ಚವಾಗುವುದೆಂದೂ ಭಾವಿಸಿದರೆ, ಮಿಕ್ಕ ಹಣವು ಕ್ರಮವಾಗಿ 4,000 ಮತ್ತು 11,000 ಆಗುವುದು. ವರಮಾನವು ಎರಡರಷ್ಟಾದರೆ ಉಳಿಕೆಯು ಎರಡರಷ್ಟಕ್ಕಿಂತ ಹೆಚ್ಚಾಗುವುದು. ಮಕ್ಕಳ ಓದಿಗೆ ಸಲ್ಲುವುದು ಈ ಉಳಿಕೆಯ ಹಣವೇ.

2. ಸ್ಥಿರತೆ.— ಇದಕ್ಕೆ ಊರಿಗಾಂ ಪ್ರಾಂತವೇ ನಿದರ್ಶನ. ಚಿನ್ನದ ಗಣಿಗಳಲ್ಲಿ ಸಂಬಳವು ನಿಯತವಾಗಿ ದೊರೆಯುತ್ತಿದ್ದಾಗ ಶಾಲೆಯ ವೆಚ್ಚವನ್ನು ಮುಂದಾಗಿ ಗೊತ್ತುಮಾಡಿಕೊಳ್ಳಬಹುದಾಗಿತ್ತು. 2001ನೆಯ ಇಸವಿ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಸಂಬಳವು ನಿಂತಿತು, ಶಾಲೆಯ ವೆಚ್ಚವು ನಿಲ್ಲಲಿಲ್ಲ. ಅಂದಿನಿಂದ ಬಹುಮಂದಿ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಪ್ರತಿದಿನವೂ ರೈಲಿನಲ್ಲಿ ಹೋಗಿಬಂದು ಸಂಪಾದಿಸುತ್ತಿರುವರು.

3. ಕಾಲ.— ಸುತ್ತಣ ಹಳ್ಳಿಗಳಲ್ಲಿ ಮಳೆಯ ಆಧಾರದ ರಾಗಿಯು ಕಣಕ್ಕೆ ಬರುವುದು ವರ್ಷದ ಕೊನೆಗೆ. ಶಾಲೆಗಳು ತೆರೆಯುವುದಾದರೋ ಮುಂಗಾರಿನ ಆರಂಭದಲ್ಲಿ. ಬೀಜ, ಗೊಬ್ಬರ, ಪುಸ್ತಕ ಎಲ್ಲವೂ ಒಂದೇ ವೇಳೆಗೆ ಬೇಕಾಗುವುವು. ಸಾಲಮಾಡುವುದು, ಇಲ್ಲವೆ ಮಗುವನ್ನು ಬಿಡಿಸುವುದು, ಇವೆರಡೇ ದಾರಿಗಳೆಂದು ಬಡರೈತನಿಗೆ ತೋರುವುದು. ಟೊಮೇಟೊ ಬೆಳೆಯ ಧಾರಣೆಯನ್ನು ನೆಚ್ಚುವಂತಿಲ್ಲ. ಹಾಲಿನ ಹಣವು ವರ್ಷವಿಡೀ ಬರುವುದು. ರೇಷ್ಮೆಗೂಡು ವರ್ಷದಲ್ಲಿ ಹಲವು ಬೆಳೆ ಕೊಡುವುದು. ಆದುದರಿಂದ ಒಂದೆರಡು ಕರೆಯುವ ಹಸುಗಳು ಶಾಲೆಯ ವೆಚ್ಚಕ್ಕೆ ಒಳ್ಳೆಯ ಆಧಾರ.

6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣವನ್ನು ವಿಧಿಸಿದ 2009ರ ಕಾಯಿದೆಯು 2010ನೆಯ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆದರೂ ಮಗುವು ದುಡಿದು ತರಬಹುದಾದ ಕೂಲಿಯ ಆಶೆಯು ಬಡಮನೆಯಲ್ಲಿ ಪ್ರಬಲವಾದುದು. 14 ತುಂಬಿದ ಮೇಲೆ ಶಾಲೆಯು ದೂರವಾಗಿ ವೆಚ್ಚವು ಹೆಚ್ಚುವುದು. ಆಗ ಅನೇಕ ವೇಳೆ ಮೊದಲು ನಿಲ್ಲುವುದು ಹೆಣ್ಣುಮಗುವಿನ ಓದು.

ರೈತರು ಸುಗ್ಗಿಯ ಹಣದಲ್ಲಿ ಒಂದು ಪಾಲನ್ನು ಕಣದಲ್ಲಿಯೇ ಬೇರ್ಪಡಿಸಿ ಅಂಚೆಯ ಉಳಿತಾಯ ಖಾತೆಯಲ್ಲಿಯಾಗಲಿ, ಸಹಕಾರ ಸಂಘದಲ್ಲಿಯಾಗಲಿ ಜೂನ್ ತಿಂಗಳಿಗೆಂದು ಇಡತಕ್ಕದ್ದು. ಜಮೀನುದಾರರು ಆಳುಗಳ ಬಾಕಿ ಕೂಲಿಯನ್ನು ಶಾಲೆ ತೆರೆಯುವ ಮುನ್ನವೇ ಸಲ್ಲಿಸುವುದು ಯುಕ್ತ. ಗ್ರಾಮದ ಮುಖಂಡರು ಎಂಟನೆಯ ತರಗತಿ ಮುಗಿಸಿದ ಮಕ್ಕಳ ಪಟ್ಟಿಯನ್ನಿಟ್ಟುಕೊಂಡು, ಯಾವ ಮನೆಯ ಮಗುವು ಮುಂದಿನ ತರಗತಿಗೆ ಸೇರಲಿಲ್ಲವೆಂಬುದನ್ನು ಜೂನ್ ಕಳೆಯುವುದರೊಳಗೆ ವಿಚಾರಿಸತಕ್ಕದ್ದು. ತಡವಾದರೆ ಕೂಲಿಗೆ ಹೊರಟ ಮಗುವನ್ನು ಮರಳಿ ಶಾಲೆಗೆ ತರುವುದು ಕಷ್ಟಸಾಧ್ಯ.