ಆತಂಕದ ಮಾತ್ರೆ: ಬಿಡುವುದು ಯಾವಾಗ, ಹೇಗೆ?

ಪ್ರಶ್ನೆ: ನನಗೆ 34 ವರ್ಷ. ಎದೆಬಡಿತ, ಗಾಬರಿಗೆಂದು ಹದಿನಾಲ್ಕು ತಿಂಗಳಿಂದ ಎಸಿಟಾಲೊಪ್ರಾಮ್ 10 ಎಂಜಿ ತೆಗೆದುಕೊಳ್ಳುತ್ತಿದ್ದೆ. ಆರಾಮಾಗಿದ್ದೇನೆ ಎಂದು ಕಳೆದ ವಾರ ನಿಲ್ಲಿಸಿದೆ. ಮೂರನೇ ದಿನದಿಂದ ತಲೆಸುತ್ತು. ಕಣ್ಣು ಹೊರಳಿಸಿದರೆ ತಲೆಯೊಳಗೆ ಕರೆಂಟ್ ಹೊಡೆದಂತಾಗುತ್ತದೆ. ಕಾಯಿಲೆ ಮತ್ತೆ ಬಂತೇ?
– ಓದುಗರು, ಕಾಚಿಗುಡ

ಉತ್ತರ: ಹೆದರಬೇಡಿ, ಇದು ಮಾತ್ರೆ ಥಟ್ಟನೆ ನಿಂತದ್ದರ ಪರಿಣಾಮ. ಕಾಯಿಲೆ ಮರುಕಳಿಸುವುದಾದರೆ ಸಾಮಾನ್ಯವಾಗಿ ವಾರಗಳೋ ತಿಂಗಳುಗಳೋ ಕಳೆದ ಮೇಲೆ, ಹಳೆಯ ಗಾಬರಿಯ ರೂಪದಲ್ಲೇ ಬರುತ್ತದೆ. ಕರೆಂಟ್ ಹೊಡೆತ ನಿಮಗೆ ಮೊದಲು ಇರಲಿಲ್ಲ, ಅಲ್ಲವೇ? ವೈದ್ಯರಿಗೆ ಇಂದೇ ಫೋನ್ ಮಾಡಿ. ಹೆಚ್ಚಿನಂಶ ಹಳೆಯ ಡೋಸನ್ನೇ ಮತ್ತೆ ಶುರು ಮಾಡಿಸುತ್ತಾರೆ, ಕೆಲವು ದಿನಗಳಲ್ಲಿ ಹತೋಟಿಗೆ ಬರುತ್ತದೆ. ಪೂರ್ತಿ ಗುಣ ಕಂಡ ಮೇಲೂ ಆರರಿಂದ ಹನ್ನೆರಡು ತಿಂಗಳು ಮಾತ್ರೆ ಮುಂದುವರಿಸುವುದು ರೂಢಿ. ನೀವು ಆರಾಮಾಗಿ ಅಷ್ಟು ಕಾಲವಾಗಿದ್ದರೆ ಬಿಡುವ ಯೋಚನೆ ಸರಿಯೇ, ಬಿಟ್ಟ ರೀತಿ ತಪ್ಪು. 10ರಿಂದ 5, ಕೆಲವು ವಾರ ನೋಡಿ ಇನ್ನೂ ಕಡಿಮೆ, ಕೊನೆಕೊನೆಗೆ ಮತ್ತಷ್ಟು ನಿಧಾನ. ‘ದಿನ ಬಿಟ್ಟು ದಿನ’ ನುಂಗುವ ಉಪಾಯ ಬೇಡ. ರಕ್ತದಲ್ಲಿ ಔಷಧದ ಮಟ್ಟ ಏರಿಳಿದು ಇದೇ ತಲೆಸುತ್ತು ಮರುಕಳಿಸುತ್ತದೆ. ಡೋಸ್ ಇಳಿಸುವ ಮುನ್ನ ಟಿಎಸ್‌ಎಚ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಜಾಸ್ತಿಯಾದರೂ ಎದೆ ಹೀಗೇ ಬಡಿದುಕೊಳ್ಳುತ್ತದೆ.

ಪ್ರಶ್ನೆ: ನಿವೃತ್ತ ಶಿಕ್ಷಕ, 66 ವರ್ಷ. ನಿದ್ದೆಗೆಂದು ಆರು ವರ್ಷಗಳಿಂದ ರಾತ್ರಿ ಆಲ್ಪ್ರಜೋಲಾಮ್ 0.5 ಎಂಜಿ ತೆಗೆದುಕೊಳ್ಳುತ್ತೇನೆ. ಪರಿಚಯದ ಮೆಡಿಕಲ್ ಶಾಪಿನವರು ಕೊಡುತ್ತಾರೆ. ‘ಇದು ಚಟ, ಮನಸ್ಸು ಗಟ್ಟಿ ಮಾಡಿ ಒಂದೇ ಏಟಿಗೆ ಬಿಡು’ ಎನ್ನುತ್ತಾನೆ ಮಗ. ಬಿಡಲೇ?
– ಓದುಗರು, ಬೀದರ್

ಉತ್ತರ: ಗುರುಗಳೇ, ಒಂದೇ ಏಟಿಗೆ ಖಂಡಿತ ಬಿಡಬೇಡಿ. ನಿಮ್ಮ ಮಗನಿಗೂ ಈ ಉತ್ತರ ಓದಿಸಿ. ಮನೋಬಲವಿದ್ದರೆ ಮಾತ್ರೆ ಬಿಡಬಹುದೆಂಬ ನಂಬಿಕೆಯಷ್ಟು ಅಪಾಯದ್ದು ಬೇರೊಂದಿಲ್ಲ. ಇಷ್ಟು ವರ್ಷ ಈ ಔಷಧಕ್ಕೆ ಒಗ್ಗಿದ ಮಿದುಳು ಅದು ಏಕಾಏಕಿ ತಪ್ಪಿದರೆ ಕೆರಳುತ್ತದೆ: ಕೈನಡುಕ, ಬೆವರು, ನಿದ್ದೆಗೇಡು, ಕೆಲವರಿಗೆ ಫಿಟ್ಸ್. ಎಂಥ ಧೈರ್ಯಶಾಲಿಗೂ ಫಿಟ್ಸ್ ತಡೆಯುವ ಶಕ್ತಿ ಇಲ್ಲ.

ನಮ್ಮ ಕಣ್ಣೆದುರೇ ಇದಕ್ಕೆ ಸಾಕ್ಷಿ ಇದೆ. ತೆಲಂಗಾಣದಲ್ಲಿ ಕಳ್ಳಿಗೆ ಆಲ್ಪ್ರಜೋಲಾಮ್, ಡಯಾಜೆಪಾಮ್ ಬೆರೆಸುವ ದಂಧೆ ಹಳೆಯದು. ನಮ್ಮ ರಾಯಚೂರಿನಲ್ಲಿ ಸಿಎಚ್ (ಕ್ಲೋರಲ್ ಹೈಡ್ರೇಟ್) ಪುಡಿ ಬೆರೆಸಿದ ಶೇಂದಿ, ಅಂದರೆ ಕಳ್ಳು, ಇದ್ದಂತೆ. 2015ರಲ್ಲಿ ತೆಲಂಗಾಣ ಸರ್ಕಾರ ಕಲಬೆರಕೆ ಕಳ್ಳಿನ ಮೇಲೆ ಬಿಗಿ ಮಾಡಿದಾಗ ನಿಜಾಮಾಬಾದ್ ಕಡೆಯ ಆಸ್ಪತ್ರೆಗಳಿಗೆ ಜನ ನಡುಗುತ್ತ, ಬಡಬಡಿಸುತ್ತ ಬಂದರು, ಕೆಲವರಿಗೆ ಫಿಟ್ಸ್ ಆಯಿತು. ತಾವು ಮಾತ್ರೆಯ ಔಷಧ ಕುಡಿಯುತ್ತಿದ್ದೇವೆಂದೇ ಅವರಲ್ಲಿ ಅನೇಕರಿಗೆ ಗೊತ್ತಿರಲಿಲ್ಲ.

ಹಾಗೆಂದು ಇದನ್ನೇ ಮುಂದುವರಿಸುವುದೂ ಬೇಡ. ಈ ವಯಸ್ಸಿನಲ್ಲಿ ನಡುರಾತ್ರಿ ಬಚ್ಚಲಿಗೆ ಎದ್ದು, ಮಂಪರಿನಲ್ಲಿ ಕಾಲು ಜಾರಿ ಸೊಂಟದ ಮೂಳೆ ಮುರಿದುಕೊಂಡವರು ನನ್ನ ಬಳಿ ಬರುತ್ತಲೇ ಇರುತ್ತಾರೆ. ಮನೋವೈದ್ಯರನ್ನು ಕಂಡು, ಎರಡರಿಂದ ನಾಲ್ಕು ವಾರಕ್ಕೊಮ್ಮೆ ಶೇಕಡ 5ರಿಂದ 10ರಷ್ಟು ಮಾತ್ರ ಇಳಿಸುತ್ತ ಬನ್ನಿ. ಬೇಕಾದರೆ ಅವರು ನಿಧಾನವಾಗಿ ಇಳಿಯುವ ಬೇರೆ ಮಾತ್ರೆಗೆ ಬದಲಿಸಿಕೊಡುತ್ತಾರೆ. ತಿಂಗಳುಗಳು ಹಿಡಿದರೆ ಹಿಡಿಯಲಿ. ಸೋಡಿಯಂ, ಸಕ್ಕರೆ, ಬಿ12, ಕ್ರಿಯಾಟಿನಿನ್, ಇಸಿಜಿ, ಇವಿಷ್ಟು ಮೊದಲೇ ಆಗಿರಲಿ. ಮದ್ಯದ ಅಭ್ಯಾಸವಿದ್ದರೆ ವೈದ್ಯರಿಗೆ ಮುಚ್ಚಿಡಬೇಡಿ.

ಇನ್ನು ಆ ಅಂಗಡಿಯವರ ವಿಷಯ. ಸ್ಟ್ರಿಪ್ಪಿನ ಮೇಲಿನ ಕೆಂಪು ಚೌಕಟ್ಟು ನೋಡಿ. ಆಲ್ಪ್ರಜೋಲಾಮ್ 2014ರಿಂದ ಜಾರಿಯಲ್ಲಿರುವ ಶೆಡ್ಯೂಲ್ ಎಚ್1 ಪಟ್ಟಿಯ ಔಷಧ. ವೈದ್ಯರ ಚೀಟಿ ಇಲ್ಲದೆ ಕೊಡುವಂತಿಲ್ಲ. ಯಾರು ಬರೆದರು, ಯಾರಿಗೆ ಕೊಟ್ಟೆ ಎಂದು ಅಂಗಡಿಯವರು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಪರಿಚಯದವರೆಂದು ಕೊಡುವುದು ಉಪಕಾರವಲ್ಲ.

ಪ್ರಶ್ನೆ: ಮಗಳಿಗೆ ಸಂಬಂಧ ಕೂಡಿ ಬಂದಿದೆ, ಮೂರು ತಿಂಗಳಲ್ಲಿ ಮದುವೆ. ಆಕೆ ಸರ್ಟ್ರಲೀನ್ ತೆಗೆದುಕೊಳ್ಳುತ್ತಾಳೆ. ಬೀಗರಿಗೆ ತಿಳಿಯುವ ಮೊದಲೇ ನಿಲ್ಲಿಸಿಬಿಡಬಹುದೇ?
– ತಾಯಿ, ಕಲಬುರಗಿ

ಉತ್ತರ: ತಾಯಿ, ನಿಮ್ಮ ಆತಂಕ ಅರ್ಥವಾಗುತ್ತದೆ. ಆದರೆ ಮುಹೂರ್ತ ನೋಡಿ ಮಾತ್ರೆ ಬಿಡಬೇಡಿ. ಹೊಸ ಮನೆ, ಹೊಸ ಜನ, ತಪ್ಪಿದ ನಿದ್ದೆ, ಇವೆಲ್ಲದರ ನಡುವೆ ಡೋಸ್ ಇಳಿಸಿದರೆ ಕಾಯಿಲೆ ಮರುಕಳಿಸುವ ಸಾಧ್ಯತೆ ಹೆಚ್ಚು. ಮದುವೆ ಮುಗಿದು ದಿನಚರಿ ಒಂದು ಹದಕ್ಕೆ ಬಂದ ಮೇಲೆ ನಿಧಾನವಾಗಿ ಇಳಿಸಬಹುದು. ಮಗು ಬೇಕೆನ್ನುವ ಮೊದಲು ಮನೋವೈದ್ಯರ ಜೊತೆ ಪ್ರಸೂತಿ ತಜ್ಞರನ್ನೂ ಕಾಣಲಿ. ಗರ್ಭಿಣಿಯಾದ ಕೂಡಲೇ ತಾನಾಗಿ ನಿಲ್ಲಿಸುವುದು ತಾಯಿಗೂ ಮಗುವಿಗೂ ಒಳ್ಳೆಯದಲ್ಲ. ಥೈರಾಯ್ಡ್, ಹಿಮೋಗ್ಲೋಬಿನ್ ಈಗಲೇ ನೋಡಿಸಿ. ಹುಡುಗನಿಗೆ ಯಾವಾಗ, ಏನು ಹೇಳಬೇಕೆಂಬುದನ್ನು ಮಗಳೇ ನಿರ್ಧರಿಸಲಿ. ಕದ್ದು ನುಂಗುವ ಮಾತ್ರೆ ಒಂದಲ್ಲ ಒಂದು ದಿನ ತಪ್ಪುತ್ತದೆ.

ಪ್ರಶ್ನೆ: ಸಂದರ್ಶನದ ಗಾಬರಿಗೆ ಗೆಳೆಯನ ಪ್ರೊಪ್ರನೊಲಾಲ್ ತೆಗೆದುಕೊಳ್ಳಬಹುದೇ?
– ವಿದ್ಯಾರ್ಥಿ, ಕೋಠಿ

ಉತ್ತರ: ಬೇಡ. ಉಬ್ಬಸವಿದ್ದರೆ ಉಸಿರೇ ಕಟ್ಟೀತು. ಬಿಪಿ, ನಾಡಿ, ಇಸಿಜಿ ನೋಡದೆ ಯಾರದ್ದೋ ಮಾತ್ರೆ ಮುಟ್ಟಬೇಡಿ. ದಿನಾ ತೆಗೆದುಕೊಳ್ಳುವವರು ಇದನ್ನೂ ಥಟ್ಟನೆ ನಿಲ್ಲಿಸಬಾರದು.

ಎಲ್ಲರಿಗೂ ಒಂದು ಮಾತು: ಪತ್ರದಲ್ಲಿ ಮಾತ್ರೆಯ ಹೆಸರು, ಎಂಜಿ, ಎಷ್ಟು ಕಾಲದಿಂದ ಎಂಬುದನ್ನು ತಪ್ಪದೆ ಬರೆಯಿರಿ. ರಾತ್ರಿ ಹೊತ್ತು ಮನಸ್ಸು ತೀರಾ ಕೆಟ್ಟರೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಸೇವೆ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಮಾತ್ರೆ ತಪ್ಪಿಸಿದ ಮೇಲೆ ಫಿಟ್ಸ್ ಬಂದರೆ, ಮಾತು ತೊದಲಿದರೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಮಾತ್ರೆಯ ಖಾಲಿ ಸ್ಟ್ರಿಪ್ಪನ್ನೂ ಆಸ್ಪತ್ರೆಗೆ ಒಯ್ಯಿರಿ.