ಗಬ್ಬದ ಹಸುವಿನ ಹಿಂಡಿ ಲೆಕ್ಕ

ಕರೆಯುವ ಹಸುವಿಗೆ ಹಿಂಡಿ ಇಡಲು ಯಾರೂ ಹಿಂದೆಮುಂದೆ ನೋಡುವುದಿಲ್ಲ. ಡೇರಿಯಿಂದ ಬಟವಾಡೆ ಬರುತ್ತಿರುತ್ತದೆ. ಗಬ್ಬಕ್ಕೆ ಏಳು ತಿಂಗಳು ತುಂಬಿ ಹಾಲು ಬತ್ತಿಸಿದ ಕೂಡಲೇ ಮಾತು ಬದಲಾಗುತ್ತದೆ. "ಹಾಲಿಲ್ಲದ ಹಸೂಗೆ ಹಿಂಡಿ ಹಾಕೋದು ದಂಡ ಕಣೋ, ಹುಲ್ಲಿದ್ಯಲ್ಲ" ಎನ್ನುವುದು ನಮ್ಮಮ್ಮನ ವಾದ. ದಿನವೆಲ್ಲ ಹೊರಗೆ ಮೇಯ್ದು ಬರುತ್ತಿದ್ದ ನಾಟಿ ಹಸುವಿಗೆ ಅದು ನಡೆಯುತ್ತಿತ್ತು. ಕೊಟ್ಟಿಗೆಯಲ್ಲೇ ಕಟ್ಟಿರುವ ಎಚ್‌ಎಫ್ ಮಿಶ್ರತಳಿಗೆ ನಡೆಯುವುದಿಲ್ಲ. ಹೊಟ್ಟೆಯಲ್ಲಿರುವ ಕರು ಮುಕ್ಕಾಲು ಪಾಲು ಬೆಳೆಯುವುದೇ ಕೊನೆಯ ಎರಡು-ಮೂರು ತಿಂಗಳಲ್ಲಿ. ಹಾಗಾಗಿ ಹಾಲಿರುವಾಗಲೇ ಪ್ರತಿ ಬಟವಾಡೆಯಿಂದ ಒಂದಿಷ್ಟು ಎತ್ತಿಟ್ಟು, ಅದನ್ನು ಮುಂದಿನ ಸೂಲಿನ ಬಂಡವಾಳ ಅಂತಲೇ ಬರೆದಿಡುತ್ತೇನೆ.

ರಾಗಿ ಹುಲ್ಲಿನಲ್ಲಿ ಪ್ರೋಟೀನ್ ಇರುವುದು ಶೇ 3-4ರಷ್ಟು. ಮೇವಿನಲ್ಲಿ ಒಟ್ಟಾರೆ ಶೇ 7ಕ್ಕಿಂತ ಕಡಿಮೆಯಾದರೆ ಹಸುವಿನ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳೇ ಸೊರಗುತ್ತವೆ, ನಾರು ಕರಗುವುದಿಲ್ಲ. ಹೊಟ್ಟೆ ದಪ್ಪಗೆ ಕಾಣುತ್ತದೆ, ಬೆನ್ನುಮೂಳೆ ಎದ್ದು ಬರುತ್ತದೆ. ಅಂದರೆ ಹಿಂಡಿಗೆ ಹಾಕಿದ ದುಡ್ಡು, ಹುಲ್ಲಿಗೆ ಆಗಲೇ ಕೊಟ್ಟ ದುಡ್ಡನ್ನೂ ದಕ್ಕಿಸಿಕೊಡುತ್ತದೆ. ಅಮ್ಮನನ್ನು ಒಪ್ಪಿಸಿದ್ದು ಈ ಮಾತೇ.

ಇನ್ನು ಯಾವುದನ್ನು ಕೊಳ್ಳಬೇಕು? ಚೀಲದ ಬೆಲೆ ಬಿಡಿ, ಪ್ರೋಟೀನಿನ ಬೆಲೆ ಹಿಡಿಯಿರಿ. ಕಡಲೆಕಾಯಿ ಹಿಂಡಿ ಕಿಲೋಗೆ 60 ರೂಪಾಯಿ ಅಂತಿಟ್ಟುಕೊಳ್ಳಿ. ಅದರಲ್ಲಿ ಶೇ 40 ಪ್ರೋಟೀನ್ ಇದ್ದರೆ ಒಂದು ಕಿಲೋ ಪ್ರೋಟೀನಿಗೆ 150 ರೂಪಾಯಿ ಬಿತ್ತು. ಹತ್ತಿಕಾಳು ಹಿಂಡಿ 38 ರೂಪಾಯಿಗೆ ಅಗ್ಗವಾಗಿ ಕಾಣುತ್ತದೆ; ಆದರೆ ಸಿಪ್ಪೆ ಸಮೇತ ಅರೆದದ್ದರಲ್ಲಿ ಶೇ 22ರಷ್ಟೇ, ಲೆಕ್ಕ 173ಕ್ಕೆ ಹೋಗುತ್ತದೆ. ಶೇ 20ರ ಪಶು ಆಹಾರ 26 ರೂಪಾಯಿಗೆ ಸಿಕ್ಕರೆ 130. ಅದರಲ್ಲಿ ಜೋಳ, ತೌಡು, ಖನಿಜವೂ ಸೇರಿರುವುದರಿಂದ ಬರೀ ಹುಲ್ಲು ತಿನ್ನುವ ಹಸುವಿಗೆ ನನ್ನ ಓಟು ಅದಕ್ಕೇ. ನಿಮ್ಮೂರ ದರ ಹಾಕಿದರೆ ಸರದಿ ಅದಲುಬದಲಾಗಬಹುದು.

ಬೆಂಗಳೂರಿನ ಸುತ್ತಮುತ್ತ ಟ್ರ್ಯಾಕ್ಟರಿನಲ್ಲಿ ಬರುವ ಬಿಯರ್ ವೇಸ್ಟ್ ಬಗ್ಗೆ ಒಂದು ಮಾತು. ಕಿಲೋಗೆ ಎಂಟು ರೂಪಾಯಿ ಅಂದಾಗ ಯಾರಿಗಾದರೂ ಆಸೆ ಆಗುತ್ತದೆ. ಆದರೆ ಅದರಲ್ಲಿ ಮುಕ್ಕಾಲಕ್ಕಿಂತ ಹೆಚ್ಚು ನೀರು. ಒಣಗಿದ ಭಾಗದಲ್ಲಿ ಕಾಲುಪಾಲು ಪ್ರೋಟೀನ್ ಇದ್ದರೂ ಹಸಿ ತೂಕದಲ್ಲಿ ಶೇ 5-6 ದಾಟುವುದಿಲ್ಲ. ಹಿಂಡಿಯ ಬೆಲೆಯೇ ಬಂತಲ್ಲ! ಮೇಲಾಗಿ ಬೇಸಿಗೆಯಲ್ಲಿ ಎರಡೇ ದಿನಕ್ಕೆ ಹುಳಿ ವಾಸನೆ. ಹಿಂಡುಗಟ್ಟಲೆ ಹಸು ಇರುವವರಿಗೆ ಸರಿ, ಒಂದೆರಡು ಸಾಕಿರುವವರಿಗಲ್ಲ.

ಕಡಲೆಕಾಯಿ ಹಿಂಡಿಯನ್ನೇ ಕೊಳ್ಳುವುದಾದರೆ ಅಂಗಡಿಯಲ್ಲೇ ಒಂದು ಬಿಲ್ಲೆ ಮುರಿದು ನೋಡಿ. ಒಳಗೆ ಹಸಿರು, ಕಪ್ಪು ಬೂಷ್ಟು ಕಂಡರೆ, ಮುಗ್ಗಲು ವಾಸನೆ ಬಂದರೆ ಅರ್ಧ ಬೆಲೆಗೂ ಬೇಡ. ಆ ಬೂಷ್ಟಿನ ಅಫ್ಲಾಟಾಕ್ಸಿನ್ ಹಸುವಿನ ಯಕೃತ್ತನ್ನು ಕೆಡಿಸುತ್ತದೆ, ಕರು ಹಾಕಿದ ಮೇಲೂ ತಿನ್ನಿಸುತ್ತಾ ಹೋದರೆ ಹಾಲಿಗೂ ಇಳಿಯುತ್ತದೆ. ಮಳೆಗಾಲದಲ್ಲಿ ನಾನು ಒಂದು ಚೀಲಕ್ಕಿಂತ ಹೆಚ್ಚು ತರುವುದಿಲ್ಲ. ಎರಡು ಕೊಂಡರೆ ಬೆಲೆ ಇಳಿಸುತ್ತೇನೆ ಎಂದರೂ ಅಷ್ಟೇ.

ನೀರಿನ ಅನುಕೂಲ ಇದ್ದವರು ಇಷ್ಟೆಲ್ಲ ಲೆಕ್ಕ ಹಾಕುವ ಮೊದಲು ಒಂದೆರಡು ಗುಂಟೆಯಲ್ಲಿ ಕುದುರೆಮಸಾಲೆ ಹಾಕಿ, ಮಳೆಗಾಲಕ್ಕೆ ಜೋಳದ ಜೊತೆ ಅಲಸಂದೆ ಬಿತ್ತಲಿ. ಹಸಿರು ಸಿಗುವಷ್ಟು ದಿನ ಅರ್ಧ ಚೀಲದ ಖರ್ಚು ಉಳಿಯುತ್ತದೆ.