ಹೆಸರು ಹೋಲುತ್ತದೆ, ಔಷಧ ಬೇರೆ!

ಶ್ರೀನಿವಾಸಪುರದ ಹಳ್ಳಿಯಿಂದ ಕೋಲಾರಕ್ಕೆ ಹೊರಟ ಮೊಮ್ಮಗನಿಗೆ ಅಜ್ಜಿ ತಮ್ಮ ಮಾತ್ರೆಯ ಹೆಸರು ಹೇಳಿ ಕಳಿಸುತ್ತಾರೆ. ಬಸ್ಸಿಳಿಯುವ ಹೊತ್ತಿಗೆ ಅವನಿಗೆ ಅರ್ಧ ಹೆಸರಷ್ಟೇ ನೆನಪು. ಅಂಗಡಿಯಲ್ಲಿ ಹೆಚ್ಚುಕಡಿಮೆ ಅದೇ ಹೆಸರಿನ ಬೇರೆ ಮಾತ್ರೆ ಕೈಗೆ ಬಂದರೆ? ಮಾಲೂರು, ಮುಳಬಾಗಿಲಿನ ಮನೆಗಳಲ್ಲೂ ಆಗಬಹುದಾದ ತಪ್ಪಿದು.

ಇದು ಕಾನೂನಿನ ಪ್ರಶ್ನೆಯೂ ಹೌದು. ಒಬ್ಬರ ಟ್ರೇಡ್‌ಮಾರ್ಕನ್ನು, ಅಂದರೆ ಸರಕಿನ ಗುರುತನ್ನು, ಹೋಲುವ ಹೆಸರನ್ನು ಇನ್ನೊಬ್ಬರು ಬಳಸಿದಾಗ ನ್ಯಾಯಾಲಯ ಎರಡನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಎಣಿಸುವುದಿಲ್ಲ. ಅರೆಬರೆ ನೆನಪಿನ ಸಾಮಾನ್ಯ ಗಿರಾಕಿ ಮೋಸಹೋಗುವನೇ ಎಂದು ನೋಡುತ್ತದೆ.

ತಲೆನೋವು, ಹೊಟ್ಟೆನೋವಿನ ಔಷಧಗಳಾದ 'ಅಮೃತಧಾರಾ' ಮತ್ತು 'ಲಕ್ಷ್ಮಣಧಾರಾ' ಪ್ರಕರಣದಲ್ಲಿ 1962ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಹಳ್ಳಿಯವನಾಗಲಿ ಪೇಟೆಯವನಾಗಲಿ ಹೆಸರನ್ನು ಬಿಡಿಸಿ ಅರ್ಥ ಹುಡುಕುವುದಿಲ್ಲ. ಒಟ್ಟಾರೆ ಕಿವಿಗೆ ಬಿದ್ದದ್ದನ್ನು ನಂಬುತ್ತಾನೆ.

ಸರಕು ಬೇರೆಯಾದರೆ ತೀರ್ಪೂ ಬೇರೆಯಾಗಬಹುದು. ನಮ್ಮ ಹೈನುಗಾರರಿಗೆಲ್ಲ ಗೊತ್ತಿರುವ 'ನಂದಿನಿ' ಹೆಸರನ್ನು ಕರ್ನಾಟಕ ಹಾಲು ಮಹಾಮಂಡಳ 1985ರಿಂದ ಬಳಸುತ್ತಿದೆ. 'ನಂದಿನಿ ಡೀಲಕ್ಸ್' ಹೋಟೆಲು 1989ರಲ್ಲಿ ಆ ಹೆಸರನ್ನು ಬಳಸತೊಡಗಿತು. ಎರಡರ ಗುರುತಿನ ರೂಪವೂ ಸರಕೂ ಬೇರೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೋಟೆಲಿನ ಪರ ತೀರ್ಪಿತ್ತಿತು. ಹಾಲು, ಹಾಲಿನ ಪದಾರ್ಥಗಳಿಗೆ ಮಾತ್ರ ಅವರು ಆ ಹೆಸರು ಬಳಸುವಂತಿಲ್ಲ. ಹಾಲು ಕೊಳ್ಳಲು ಹೋಗಿ ಯಾರೂ ಬಿರಿಯಾನಿ ತರುವುದಿಲ್ಲವಲ್ಲ!

ಔಷಧದ ಮಾತು ಹಾಗಲ್ಲ. 'ಫಾಲ್ಸಿಗೋ' ಮತ್ತು 'ಫಾಲ್ಸಿಟ್ಯಾಬ್' ಎರಡೂ ಮೆದುಳಿಗೇರುವ ಮಲೇರಿಯಾದ ಔಷಧಗಳು. ಒಂದರಲ್ಲಿದ್ದದ್ದು ಆರ್ಟಿಸುನೇಟ್, ಇನ್ನೊಂದರಲ್ಲಿ ಮೆಫ್ಲೋಕ್ವಿನ್. ಇವು ವೈದ್ಯರ ಮೂಲಕವೇ ರೋಗಿಗೆ ತಲುಪುವುದರಿಂದ ಗೊಂದಲವಿಲ್ಲ ಎಂಬ ವಾದವನ್ನು 2001ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ವೈದ್ಯರೂ ಔಷಧ ವ್ಯಾಪಾರಿಗಳೂ ತಪ್ಪಬಹುದು. ಬೇರೆ ಸರಕಿನಲ್ಲಿ ತಪ್ಪಾದರೆ ಹಣ ಹೋದೀತು, ಔಷಧದಲ್ಲಿ ಜೀವಕ್ಕೇ ಕುತ್ತು. ಆದ್ದರಿಂದ ಇಲ್ಲಿ ಅಳತೆ ಹೆಚ್ಚು ಬಿಗಿಯಾಗಿರಬೇಕು ಎಂದು ಹೇಳಿ, ಪ್ರಕರಣವನ್ನು ಕೆಳಗಿನ ನ್ಯಾಯಾಲಯಕ್ಕೆ ಕಳಿಸಿತು. ನಮ್ಮ ದೇಶದಲ್ಲಿ ಎಲ್ಲರಿಗೂ ಒಂದೇ ಭಾಷೆಯಿಲ್ಲ, ಇಂಗ್ಲಿಷ್ ಬಲ್ಲವರು ಕೆಲವರೇ ಎಂದೂ ನೆನಪಿಸಿತು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಮಾತ್ರೆಯ ಮೇಲೆ ಇಂಗ್ಲಿಷ್ ಇರುವ ನಮ್ಮ ಗಡಿ ಜಿಲ್ಲೆಗೆ ಈ ಮಾತು ಚೆನ್ನಾಗಿ ಒಪ್ಪುತ್ತದೆ.

ಆದರೆ ದಾವೆ ಹೂಡುವುದು ಕಂಪನಿಗಳು. ಮಾತ್ರೆ ನುಂಗುವವರು ನಾವು. ಆದ್ದರಿಂದ ಮನೆಯಲ್ಲಿ ಇಷ್ಟು ಪಾಲಿಸಿ:

1. ಬಾಯಲ್ಲಿ ಹೆಸರು ಹೇಳಿ ಔಷಧ ತರಿಸಬೇಡಿ. ವೈದ್ಯರ ಚೀಟಿಯನ್ನೂ ಹಳೆಯ ಪಟ್ಟಿಯನ್ನೂ ಕಳಿಸಿ.

2. ಕಂಪನಿ ಇಟ್ಟ ಹೆಸರಿನ ಜೊತೆಗೆ ಔಷಧದ ಮೂಲ ಹೆಸರನ್ನೂ, ಎಷ್ಟು ಮಿಲಿಗ್ರಾಂ ಎಂಬುದನ್ನೂ ಹೋಲಿಸಿ.

3. ಮಾತ್ರೆಯ ಬಣ್ಣ, ಆಕಾರ ನೋಡಿ 'ಅದೇ ಇದು' ಎಂದು ತೀರ್ಮಾನಿಸಬೇಡಿ.

4. ಅಂಗಡಿಯವರು ಬದಲಿ ಔಷಧ ಕೊಟ್ಟರೆ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ರಸೀದಿ ಇಟ್ಟುಕೊಳ್ಳಿ.

5. ತಪ್ಪು ಮಾತ್ರೆ ನುಂಗಿದ್ದು ತಿಳಿದರೆ ಕಾಯಬೇಡಿ. ಅದರ ಪಟ್ಟಿ ಸಮೇತ ಹತ್ತಿರದ ಆಸ್ಪತ್ರೆಗೆ ಹೋಗಿ.

ಅಜ್ಜಿಗೆ ಓದಲು ಬಾರದಿದ್ದರೆ ಓದು ಬಲ್ಲ ಮೊಮ್ಮಗಳಿಗೆ ಈ ಕೆಲಸ ಒಪ್ಪಿಸಿ. ಒಂದು ನಿಮಿಷದ ಓದು, ಒಂದು ಜೀವದ ಕಾವಲು.